ಹುಣ್ಣಿಮೆಯ ಸಂಜೆಯ ಸಂವಿಧಾನ ಪರೀಕ್ಷೆ

ತೊಂಬತ್ತರ ದಶಕದ ನಡುವಿನಲ್ಲಿ ನಾವು ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿದ್ದೆವು. ಗಂಡನಿಗೆ ಇಂಜಿನಿಯರ್ ಕೆಲಸ. ನನ್ನ ವೀಸಾದಲ್ಲಿ ದುಡಿಯುವಂತಿರಲಿಲ್ಲ, ಓದಬಹುದಿತ್ತು. ಸಂಜೆ ಕಾಲೇಜಿಗೆ ಸೇರಿ ಅಮೆರಿಕದ ಸಂವಿಧಾನ ಕೊಡುವ ನಾಗರಿಕ ಹಕ್ಕುಗಳನ್ನು ಓದತೊಡಗಿದೆ. ಪಾರ್ಟಿಗಳಲ್ಲಿ ಅಂಕಲ್‌ಗಳು ನನ್ನ ಓದಿನ ಬಗ್ಗೆ ನನ್ನ ಗಂಡನನ್ನು ವಿಚಾರಿಸುತ್ತಿದ್ದರು. “ಟೈಂ ಪಾಸ್‌ಗೆ ಏನೋ ಕ್ಲಾಸ್ ತಗೊಂಡಿದಾಳೆ” ಎನ್ನುತ್ತಿದ್ದ. ಪಕ್ಕದಲ್ಲೇ ಪಲಾವ್ ಬಡಿಸುತ್ತಾ ನಾನು ಮೌನವಾಗಿರುವ ಹಕ್ಕನ್ನು ಚಲಾಯಿಸುತ್ತಿದ್ದೆ.

ಟೈಂ ಪಾಸ್ ಆಗಿರಲಿಲ್ಲ. ನನಗೆ ಲಾ ಸ್ಕೂಲಿಗೆ ಹೋಗಬೇಕಿತ್ತು, ಅದಕ್ಕೆ ಈ ಕೋರ್ಸಿನಲ್ಲಿ ಒಳ್ಳೆಯ ಗ್ರೇಡ್ ಬೇಕಿತ್ತು. ಫೈನಲ್ ಪರೀಕ್ಷೆಯ ಸಂಜೆಗೇ ಗಂಡ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟು ಊರಿಗೆಲ್ಲ ಹೇಳಿಬಂದ. ಹೆಂಡತಿ ಪಕ್ಕದಲ್ಲಿ ಕೂರದೆ ಆ ಪೂಜೆ ನಡೆಯುವಂತಿಲ್ಲ.

“ಎಕ್ಸಾಮ್ ಇದೆ ಅಂತ ಹೇಳಿದ್ನಲ್ಲ!”

“ಹುಣ್ಣಿಮೆನ ಮುಂದಕ್ಕೆ ಹಾಕಕ್ಕಾಗುತ್ತಾ? ನಿಮ್ಮ ಪ್ರೊಫೆಸರ್‌ನ ಕೇಳು, ಅಡ್ಜಸ್ಟ್ ಮಾಡ್ತಾರೆ.”

ನನಗೆ ಮೈಯೆಲ್ಲ ಉರಿಯಿತು. ಒಬ್ಬರಿಂದ ಏನನ್ನಾದರೂ ಕಿತ್ತುಕೊಳ್ಳುವ ಮೊದಲು ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಎಂದು ಅದೇ ವಾರ ಪಾಠವಾಗಿತ್ತು. ಕ್ಲಾಸಿನಲ್ಲಿ ಎದ್ದು ನಿಂತು ನನ್ನ ಮೊಕದ್ದಮೆ ಮಂಡಿಸಿದೆ. ಪ್ರೊಫೆಸರ್ ನಕ್ಕರು. ಆ ನಿಯಮ ಕಟ್ಟಿಹಾಕುವುದು ಸರ್ಕಾರವನ್ನು, ನಿಮ್ಮ ಗಂಡ ಸರ್ಕಾರವಲ್ಲವಲ್ಲ ಎಂದರು. ಅವರು ನಮ್ಮ ಮನೆ ನೋಡಿರಲಿಲ್ಲ. ಪರೀಕ್ಷೆಯನ್ನಂತೂ ಮುಂದೂಡಲಿಲ್ಲ.

ಕೊನೆಗೆ ದಾರಿ ಹುಡುಕಿದವರು ಮೈಸೂರಿನಿಂದ ಬಂದಿದ್ದ ಅತ್ತೆ. “ಅವಳ ಧಾರೆ ಸೀರೆ ಮಡಿಚಿ ಮಣೆ ಮೇಲಿಟ್ರಾಯ್ತಪ್ಪ. ಅವಳು ಕೂತ ಹಾಗೇ. ಪರೀಕ್ಷೆಗೆ ಹೋಗ್ಲಿ ಬಿಡು” ಎಂದರು. ಪುರೋಹಿತರಿಗೆ ಫೋನ್ ಹೋಯಿತು. ಸಂವಿಧಾನವನ್ನು ಬರೆದವರ ಕಾಲದ ಅರ್ಥದಲ್ಲಿ ಓದಬೇಕೋ ನಮ್ಮ ಕಾಲಕ್ಕೆ ಹೊಂದಿಸಬೇಕೋ ಎಂದು ನಾವು ಇಡೀ ಸೆಮಿಸ್ಟರ್ ಜಗಳಾಡಿದ್ದೆವು. ಪುರೋಹಿತರು ಒಂದೇ ಉಸಿರಿಗೆ ತೀರ್ಪು ಕೊಟ್ಟರು: “ಅಮೆರಿಕಾದಲ್ಲಿ ನಡೆಯುತ್ತೆ.”

ನಾನು ಗೆದ್ದೆ ಎಂದುಕೊಂಡು ಹಾರುತ್ತಾ ಕಾಲೇಜಿಗೆ ಡ್ರೈವ್ ಮಾಡಿದೆ. ಕೈ ನೋಯುವಷ್ಟು ಬರೆದೆ, ಚೆನ್ನಾಗಿಯೇ ಬರೆದೆ. ಮರಳಿದಾಗ ಅತಿಥಿಗಳು ಹೊರಟಿದ್ದರು. ಒಬ್ಬ ಆಂಟಿ ಸಜ್ಜಿಗೆಯ ಡಬ್ಬಿ ಹಿಡಿದು ಬಾಗಿಲಲ್ಲೇ ಸಿಕ್ಕರು. ಸಂಜೆಯಿಡೀ ನಮ್ಮ ಹಾಲ್‌ನಲ್ಲೇ ಕೂತಿದ್ದವರು, “ಪೂಜೆ ತುಂಬಾ ಚೆನ್ನಾಗಿ ಮಾಡಿಸಿದ್ರಿ ಕಣ್ರೀ” ಎಂದು ನನ್ನ ಕೈ ಅದುಮಿ ಕಾರು ಹತ್ತಿದರು.

ಒಳಗೆ ಗಂಡ ಖುಷಿಯಾಗಿದ್ದ. ನಾನು ಬೇಜಾರು ಮಾಡಿಕೊಂಡಿರಬಹುದೆಂದು ಸಮಾಧಾನವನ್ನೂ ಹೇಳಿದ: “ಏನೂ ಪ್ರಾಬ್ಲಮ್ ಆಗ್ಲಿಲ್ಲ. ನೀನೆಲ್ಲಿ ಅಂತ ಒಬ್ರೂ ಕೇಳ್ಲಿಲ್ಲ.”

ಮಣೆಯ ಮೇಲೆ ನನ್ನ ಸೀರೆ ಇನ್ನೂ ಕೂತಿತ್ತು, ಹಣೆಯ ಜಾಗದಲ್ಲಿ ಕುಂಕುಮ, ಮೇಲೊಂದು ಮೊಳ ಹೂವು. ನಾನು ಕೇಳಿದ ಸ್ವಾತಂತ್ರ್ಯ ನನಗೆ ಪೂರ್ತಿಯಾಗಿ ಸಿಕ್ಕಿತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.