ಶೀಲಾ ಮಿಸ್ ತರಗತಿಗೆ ಅಪ್ಪ ಬಂದ ದಿನ

ಬೇಗಂಪೇಟೆಯ ಅಂಗಡಿಗಳಿಗೆ ಊದಿನ ಹೊಗೆ ಹಾಕುತ್ತ ಹೋಗುವ ಫಕೀರರು ಈಗಲೂ ಇದ್ದಾರೆ. ಮೊನ್ನೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಒಬ್ಬ ಮುದುಕ ಕೆಂಡದ ಬಟ್ಟಲು ಹಿಡಿದು, ನವಿಲುಗರಿಯಿಂದ ಗಾಳಿ ಬೀಸುತ್ತ ನನ್ನ ಮುಂದೆಯೇ ಹಾದುಹೋದ. ಆ ವಾಸನೆ ಮೂಗಿಗೆ ತಾಗಿದ್ದೇ ನಾಂಪಲ್ಲಿಯ ಮನೆಯ ಗೂಟಕ್ಕೆ ನೇತುಹಾಕಿದ ಅಪ್ಪನ ಅಂಗಿ ಕಣ್ಣಿಗೆ ಬಂತು. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಬಸ್ಸು ಬಂದು ನಿಂತಿತು, ಹೊರಟೂ ಹೋಯಿತು. ನಾನು ಹತ್ತಲಿಲ್ಲ.

ನಾಂಪಲ್ಲಿ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ರಾಯಚೂರು ಕಡೆಯಿಂದ ಬಂದ ನಾವು ಹೊರಗೆ ತೆಲುಗು, ಹಿಂದಿ ಆಡಿ, ಹೊಸ್ತಿಲು ದಾಟಿದೊಡನೆ ಕನ್ನಡಕ್ಕೆ ತಿರುಗುತ್ತಿದ್ದೆವು. ರೈಲು ಬಂದಾಗ ಗೋಡೆಯ ಮಾಡದೊಳಗಿನ ಪಾತ್ರೆಗಳು ಗಿಲಗಿಲ ಎನ್ನುತ್ತಿದ್ದವು. ಅವ್ವ ರೊಟ್ಟಿ ಬಡಿಯುವ ಸದ್ದು ಅದರೊಳಗೆ ಬೆರೆತುಹೋಗುತ್ತಿತ್ತು. ಬಟ್ಟೆ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತನಾಗಿದ್ದ ಅಪ್ಪನಿಗೆ ಎಲ್ಲದರ ಮೇಲೂ ಅನುಮಾನ. ಹಾಲಿನವನ ಮೇಲೆ, ಮನೆ ಮಾಲೀಕನ ನಗೆಯ ಮೇಲೆ, ಬಾಗಿಲು ತಟ್ಟಿದವರೆಲ್ಲರ ಮೇಲೆ. ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಗಲ್ಲಿಯ ಮಕ್ಕಳೆಲ್ಲ ಗಣಿತ, ಕಂಪ್ಯೂಟರ್ ಎಂದು ಕೋಚಿಂಗಿಗೆ ಓಡುತ್ತಿದ್ದರೆ, ಗಣಿತ ತಲೆಗೆ ಹತ್ತದ ನಾನು ಶಾಲೆಯ ಕೊನೆಯ ಎರಡು ವರ್ಷಕ್ಕೆ ಧರ್ಮ, ನೀತಿ, ತತ್ವಶಾಸ್ತ್ರ ಎಂಬ ವಿಷಯ ತೆಗೆದುಕೊಂಡೆ. ಹಾಗೊಂದು ಪಾಠವಿದೆ ಎಂಬುದನ್ನೇ ಅಪ್ಪ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅದನ್ನು ಕಲಿಸುವ ಶೀಲಾ ಮಿಸ್ ಮೇಲೆ ಅವನ ಕಣ್ಣು ಬಿತ್ತು.

“ಶೀಲಾ ಅಂದ್ರ ಯಾವ ಮಂದಿ?”

“ಗೊತ್ತಿಲ್ಲಪಾ.”

“ಹಣಿಗೆ ಕುಂಕುಮ ಹಚ್ಚತಾಳೇನು?”

“ಒಮ್ಮೊಮ್ಮೆ.”

“ಒಮ್ಮೊಮ್ಮೆ ಅಂದ್ರ ಏನ್ ಲೆಕ್ಕ? ಡಬ್ಬ್ಯಾಗ ಊಟಕ್ಕ ಏನ್ ತರತಾಳ?”

“ಪುಳಿಹೋರ, ಹುಣಸಿಹಣ್ಣಿನ ಅನ್ನ.”

“ಪುಳಿಹೋರ ಎಲ್ಲಾರೂ ತಿಂತಾರ,” ಎಂದು ಅಪ್ಪ ಸೋತವನಂತೆ ಗೋಡೆಗೆ ಒರಗಿದ. ಒಲೆಯ ಮುಂದಿನಿಂದ ಅವ್ವ, “ಬೀಗರ ಮನಿ ವಿಚಾರಿಸಿದಂಗ ಕೇಳಾಕತ್ತೀರಲ್ಲರಿ,” ಎಂದು ಕುಟುಕಿದಳು.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಆ ಮಿಸ್ ಮಗಳ ಮನಸ್ಸು ತಿರುಗಿಸಿ ಬೇರೆ ದೇವರಿಗೆ ಸೇರಿಸಿಬಿಡುತ್ತಾಳೆ ಎಂಬುದು ಅಪ್ಪನ ಭಯ. ನನಗೋ ಆ ಪಾಠ ಬೇಕಿತ್ತು. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯುವ ಮನುಷ್ಯರನ್ನು ನಾನು ಮೊದಲು ಕಂಡದ್ದು ಅಲ್ಲಿ. ಉಳಿದ ಪಾಠಗಳಲ್ಲಿ ಬಾಯಿ ಬಿಡದ ನಾನು ಆ ತರಗತಿಯಲ್ಲಿ ಕೈ ಎತ್ತುತ್ತಿದ್ದೆ.

ಅನುಮಾನ ಅಂಟುವ ರೋಗ. ಅಪ್ಪ ನನ್ನ ಪಾಠವನ್ನು ಕೆದಕುತ್ತಿದ್ದರೆ, ನಾನು ಅಪ್ಪನನ್ನು ಗಮನಿಸತೊಡಗಿದ್ದೆ. ವರ್ಷಕ್ಕೊಮ್ಮೆ ಕೆಲವು ದಿನ ಅವನು ಬೇರೆಯೇ ಮನುಷ್ಯನಾಗುತ್ತಿದ್ದ. ಮಂಚ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದ. ಬಿಸಿಲಿದ್ದರೂ ತುಂಬುತೋಳಿನ ಅಂಗಿ. ಕಾಲಿಗೆ ಚಪ್ಪಲಿ ಇಲ್ಲ. ಕೇಳಿದರೆ, “ಆಣಿ ಆಗೈತಿ,” ಎನ್ನುತ್ತಿದ್ದ. ಸಂಜೆ ತಡವಾಗಿ ಬಂದು ಗೂಟಕ್ಕೆ ಹಾಕಿದ ಅಂಗಿಯಲ್ಲಿ ಊದಿನ ವಾಸನೆ. ಆ ದಿನಗಳು ಒಂದು ವರ್ಷ ಬೇಸಿಗೆಯಲ್ಲಿ ಬಂದರೆ ಕೆಲವು ವರ್ಷಗಳ ಮೇಲೆ ಚಳಿಯಲ್ಲಿ ಬರುತ್ತಿದ್ದವು, ಹಾಗಾಗಿ ಯಾವುದಕ್ಕೂ ಗಂಟು ಹಾಕಲು ನನಗೆ ಆಗಿರಲಿಲ್ಲ. ಅವ್ವನನ್ನು ಕೇಳಿದರೆ, “ನಿಮ್ಮಪ್ಪಗ ಕೇಳು,” ಎಂದು ರೊಟ್ಟಿ ತಿರುವಿಹಾಕುತ್ತಿದ್ದಳು. ಅಪ್ಪನಿಗೆ ಈ ಊರಿನಲ್ಲಿ ಎಲ್ಲೋ ಇನ್ನೊಂದು ಮನೆಯಿದೆ ಎಂದು ನಾನು ಬಹುಮಟ್ಟಿಗೆ ತೀರ್ಮಾನಿಸಿದ್ದೆ.

ಅಂಥದೇ ಒಂದು ದಿನ ಅಪ್ಪ ಬೆಳಿಗ್ಗೆ ಎದ್ದವನೇ, “ಇವತ್ತ ನಾನೂ ಸಾಲಿಗೆ ಬರತೀನಿ. ಆ ಮಿಸ್ ಏನ್ ಕಲಿಸತಾಳ ನೋಡತೀನಿ. ಸರಿ ಅನಸಲಿಲ್ಲ ಅಂದ್ರ ಇವತ್ತಿಗೆ ಆ ಪಾಠ ಮುಗೀತು, ಕಂಪ್ಯೂಟರ್ ಕ್ಲಾಸಿಗೆ ಹಾಕತೀನಿ,” ಎಂದ. ಶೀಲಾ ಮಿಸ್ ಒಂದಿಷ್ಟೂ ಬೇಸರಿಸದೆ ಅವನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು. ಅವನ ಬರಿಗಾಲು ನೋಡಿ ಹುಡುಗರು ಮುಸಿಮುಸಿ ನಕ್ಕರು. ಆ ದಿನದ ಪ್ರಶ್ನೆ: ನಮ್ಮ ಪರವಾಗಿ ಇನ್ನೊಬ್ಬರು ಕೊಟ್ಟ ಮಾತನ್ನು ನಾವು ಉಳಿಸಬೇಕೆ? ಬೇಡ ಎಂದರು ಹುಡುಗರು. ನಾವು ಕೊಡದ ಮಾತು ನಮ್ಮದು ಹೇಗಾಗುತ್ತದೆ? ಮಿಸ್ ಅಪ್ಪನ ಕಡೆ ತಿರುಗಿ, ದೊಡ್ಡವರು ಏನೆನ್ನುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು.

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದ. ಮಗಳು ಮನೆಯ ಗುಟ್ಟನ್ನು ಇವಳ ಮುಂದೆ ಆಡಿದ್ದಾಳೆ ಎಂದೇ ಅವನು ತಿಳಿದ. ನನಗೆ ಏನೂ ಗೊತ್ತಿರಲಿಲ್ಲ. ಮಿಸ್ ಎಂದಿನಂತೆ ಸುಮ್ಮನೆ ಕಾಯುತ್ತಿದ್ದರು. ಕೊನೆಗೆ ಅಪ್ಪ ಎದ್ದು ನಿಂತು ಅಂಗಿಯ ತೋಳು ಮೇಲಕ್ಕೆ ಸರಿಸಿದ. ರಟ್ಟೆಯಲ್ಲಿ ಕೆಂಪು ದಾರ. ಹಸುಗೂಸಾಗಿದ್ದಾಗ ತಾನು ಬದುಕುವ ಭರವಸೆ ಇರಲಿಲ್ಲವೆಂದೂ, ಊರಿನಲ್ಲಿ ಮೊಹರಂಗೆ ಕೂರಿಸುವ ಅಲಾಯಿ ದೇವರ ಮುಂದೆ ತನ್ನ ತಾಯಿ ಹರಕೆ ಹೊತ್ತಳೆಂದೂ, ಉಳಿದರೆ ಸಾಯುವವರೆಗೆ ಪ್ರತಿ ವರ್ಷ ಆ ದಿನಗಳಲ್ಲಿ ಮಗ ದಾರ ಕಟ್ಟಿ, ಬರಿಗಾಲಲ್ಲಿ ಫಕೀರನಾಗುತ್ತಾನೆ ಎಂದಳೆಂದೂ ಹರಕುಮುರುಕು ಹಿಂದಿಯಲ್ಲಿ ಹೇಳಿದ. “ಮಾಂ ಬೋಲೀ, ಮೈಂ ಕರ್ತಾ.” ತಾಯಿ ಹೇಳಿದಳು, ನಾನು ಮಾಡುತ್ತೇನೆ, ಅಷ್ಟೆ. ತರಗತಿಯಲ್ಲಿ ಯಾರೂ ನಗಲಿಲ್ಲ. ಅಪ್ಪ ಅಷ್ಟಕ್ಕೆ ಕೂರಲಿಲ್ಲ. “ನಾನು ನನ್ನದು ಹೇಳಿದೆ. ಈಗ ನೀವು ಯಾರು ಹೇಳಿರಿ,” ಎಂದು ಮಿಸ್‌ಗೇ ಕೇಳಿದ. ಮಿಸ್ ನಕ್ಕು, “ಪುಳಿಹೋರದಿಂದ ಗೊತ್ತಾಗಲಿಲ್ಲವೇ?” ಎಂದರು. ಅಪ್ಪ ಅವರ ಡಬ್ಬಿ ವಿಚಾರಿಸಿದ್ದನ್ನು ಮಾತ್ರ ನಾನೇ ಅವರಿಗೆ ಹೇಳಿದ್ದೆ.

ಶಾಲೆಯಿಂದ ಹೊರಗೆ ಬಂದ ಮೇಲೆ ಅಪ್ಪ ನೆರಳು ಹುಡುಕಿ ಕಾಲಿಡುತ್ತ ನಡೆದ. ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ.

“ಊರಾಗ ಎಲ್ಲಾರೂ ಮಾಡತಾರವ್ವ, ಯಾರೂ ಕೇಳಂಗಿಲ್ಲ. ಇಲ್ಲಿ ಆ ಕಡೆಯವ್ರೂ ಕೇಳತಾರ, ಈ ಕಡೆಯವ್ರೂ ಕೇಳತಾರ. ಯಾರಿಗಂತ ಹೇಳಲಿ?”

“ನಿನಗ ಅದರ ಮ್ಯಾಲೆ ನಂಬಿಕಿ ಐತೋ...”

“ನಿಲ್ಲು.” ಅಪ್ಪ ಕೈ ಎತ್ತಿದ. “ಪಾಠ ಕಲಿ, ಬ್ಯಾಡ ಅನ್ನಂಗಿಲ್ಲ. ಆಕಿ ಭಾಳ ಶಾಣ್ಯಾ ಅದಾಳ, ಅದಕ್ಕ ನನಗ ಆಕಿ ಮ್ಯಾಲೆ ಇನ್ನೂ ಸಂಶಯ ಐತಿ. ಆದ್ರ ಆಕಿ ಕಲಿಸಿದ್ದನ್ನ ನನ್ನ ಮ್ಯಾಲೆ ಮಾತ್ರ ನಡಸಬ್ಯಾಡ.”

ನಾನು ಒಪ್ಪಿದೆ, ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಆ ಎರಡು ವರ್ಷ ಓದಿದೆ, ಪಾಸಾದೆ. ಮುಂದೆ ಹೆಚ್ಚು ಓದಲಾಗಲಿಲ್ಲ. ಶೀಲಾ ಮಿಸ್ ಯಾವ ಮಂದಿ ಎಂಬುದು ಅಪ್ಪನಿಗೆ ಕೊನೆಗೂ ತಿಳಿಯಲಿಲ್ಲ, ನನಗೂ. ಅವ್ವ ಅಪ್ಪನಿಗಿಂತ ಮೊದಲೇ ಹೋದಳು. ಗಲ್ಲಿಯ ಆ ಸಾಲು ಮನೆಗಳನ್ನು ಕೆಡವಿ ಲಾಡ್ಜು ಕಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಹೀಗೆ ಕೇಳದೆ ಉಳಿದದ್ದು ಒಂದಾದರೂ ಇರಬಹುದು.

ಕೊನೆಯ ವಾರ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕುಳಿತಿದ್ದೆ. ಮಾತು ಸಣ್ಣದಾಗಿದ್ದರೂ ಕಣ್ಣು ಚುರುಕಾಗಿಯೇ ಇತ್ತು. ನಾನು ಸ್ವಲ್ಪ ಹೆಚ್ಚೇ ಬಾಗಿದೆನೋ ಏನೋ, ಅಪ್ಪ ಹುಬ್ಬು ಗಂಟಿಕ್ಕಿದ.

“ಏನೋ ಕೇಳಾಕ ಬಂದಿ ನೀ.”

“ನೀರು ಬೇಕೇನಪಾ ಅಂತ.”

ನಂಬದವನ ಹಾಗೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಬಾಯಿ ತೆರೆದ. ಚಮಚದಿಂದ ನಿಧಾನವಾಗಿ ನೀರು ಹಾಕಿದೆ.