ಎರಡನೇ ರೈಟ್

ಕಬಡ್ಡಿ ತಂಡದವರು ನನ್ನನ್ನು ದಪ್ಪ ಎಂದು ಬಿಟ್ಟರು, ಕ್ರಿಕೆಟ್‌ನವರು ನಿಧಾನ ಎಂದು ಬಿಟ್ಟರು. ಹೀಗೆ ಎಲ್ಲರೂ ಬಿಟ್ಟವರನ್ನು ಗುಡ್ಡೆ ಹಾಕಿ, ಸೋಲದೇವನಹಳ್ಳಿಯ ನಮ್ಮ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಕಟ್ಟಿದವನು ಆರ್.ಟಿ. ನಗರದಿಂದ ಬರುತ್ತಿದ್ದ ನನ್ನ ಕ್ಲಾಸಿನ ಹುಡುಗ. ಅದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಒಬ್ಬ ಎಸೆಯಬೇಕು, ಇನ್ನೊಬ್ಬ ಹಿಡಿದು ಎದುರಿನ ಕೊನೆಯ ಗೆರೆಯವರೆಗೆ ಓಡಬೇಕು, ಎದುರಿನವರು ಅವನನ್ನು ಕೆಡವಬೇಕು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಆಟವೆಲ್ಲ ಅವನ ತಲೆಯಲ್ಲಿರುತ್ತದೆ. ನಮ್ಮಲ್ಲಿ ಆ ಜಾಗ ಯಾರದು ಎಂಬ ಬಗ್ಗೆ ಮೊದಲ ದಿನದಿಂದಲೂ ಚರ್ಚೆಯಿರಲಿಲ್ಲ, ಏಕೆಂದರೆ ಚೆಂಡು ತಂಡ ಕಟ್ಟಿದವನದು.

ನಾನು ಸೆಂಟರ್. ಸಾಲಿನ ನಡುವೆ ಬಗ್ಗಿ ನಿಂತು ಕಾಲುಗಳ ಮಧ್ಯದಿಂದ ಚೆಂಡನ್ನು ಹಿಂದಕ್ಕೆ, ಅವನ ಕೈಗೆ ಕೊಡುವುದು, ಕೊಟ್ಟ ಮರುಕ್ಷಣ ನುಗ್ಗಿ ಬರುವವನನ್ನು ಎದೆಯಲ್ಲಿ ತಡೆಯುವುದು ನನ್ನ ಕೆಲಸ. ಹೆಸರು ತರುವ ಕೆಲಸವೇನಲ್ಲ. ಆದರೂ ನಾನು ಕೊಡದೆ ಆಟ ಶುರುವಾಗುವುದಿಲ್ಲ ಎಂಬ ಜಂಬ ನನಗಿತ್ತು, ಈಗಲೂ ಇದೆ.

ಚೆಂಡು ಯಾವಾಗ ಕೊಡಬೇಕೆಂದು ಕ್ವಾರ್ಟರ್‌ಬ್ಯಾಕ್ ಕೂಗಿ ಹೇಳಬೇಕು. ವಿಡಿಯೋಗಳಲ್ಲಿ ಅಮೆರಿಕದವರು ‘ಹಟ್’ ಎನ್ನುತ್ತಿದ್ದರು. ನಾವೂ ಹಾಗೇ ಶುರು ಮಾಡಿದೆವು, ಮೊದಲ ವಾರವೇ ಎಡವಟ್ಟಾಯಿತು. ನಮ್ಮ ಸಾಲಿನಲ್ಲಿ ಅರ್ಧ ಜನ ಮನೆಯಲ್ಲಿ ದಖ್ಖನಿ ಉರ್ದು ಆಡುವವರು. ಅವರ ಮನೆಗಳಲ್ಲಿ ಹಟ್ ಎಂದರೆ ಆಚೆ ಸರಿ ಎಂದರ್ಥ. ಅವನು ಹಟ್ ಎಂದು ಗದರಿದೊಡನೆ, ಅಮ್ಮಂದಿರ ಮಾತು ಕೇಳಿ ಬೆಳೆದ ಆ ಒಳ್ಳೆಯ ಮಕ್ಕಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಎದುರಾಳಿಗೆ ದಾರಿ ಬಿಡುತ್ತಿದ್ದರು. ನಮ್ಮ ಕ್ವಾರ್ಟರ್‌ಬ್ಯಾಕ್ ಆ ವಾರ ಮಣ್ಣು ಮುಕ್ಕಿದ್ದು ಅದೆಷ್ಟು ಸಲವೋ.

ಅವನ ಅಪ್ಪ, ಮನೆಯಲ್ಲಿ ‘ಅಬ್ಬಾ’, ಬಸ್ ಕಂಡಕ್ಟರ್. ಎರಡನೇ ವಾರ ಅವನು ಹಟ್ ಬಿಟ್ಟು ಅಬ್ಬಾನ ಮಾತನ್ನೇ ಎತ್ತಿಕೊಂಡ: ‘ರೈಟ್... ರೈಟ್.’ ಮೊದಲ ರೈಟ್‌ಗೆ ಎಲ್ಲರೂ ಸಿದ್ಧ, ಎರಡನೆಯದಕ್ಕೆ ಚೆಂಡು. ಬೆಂಗಳೂರಿನಲ್ಲಿ ಬಸ್ ಹತ್ತಿದ ಯಾರಿಗೂ ಇದನ್ನು ಕಲಿಸಬೇಕಾಗಿರಲಿಲ್ಲ. ಮೂರು ವರ್ಷದಲ್ಲಿ ನಾವು ಮೊದಲು ಅಕ್ಕಪಕ್ಕದ ಕಾಲೇಜುಗಳನ್ನು, ಆಮೇಲೆ ನಮ್ಮನ್ನು ನೋಡಿ ನಕ್ಕಿದ್ದ ದೊಡ್ಡ ಕಾಲೇಜುಗಳನ್ನು ಸೋಲಿಸಿದೆವು. ಕೊನೆಯ ವರ್ಷ ವೃತ್ತಿಪರ ಲೀಗ್‌ನ ಒಂದು ತಂಡದವರು ನಮ್ಮಿಬ್ಬರನ್ನೂ ಆಯ್ಕೆಗೆ ಕರೆದರು.

ಅಂಕಲ್, ಅಂದರೆ ಅವನ ಅಬ್ಬಾ, ಅಷ್ಟರಲ್ಲಿ ಒಂದು ಮಾತು ಹೇಳಿಬಿಟ್ಟಿದ್ದರು. ಇಲ್ಲಿ ಆಯ್ಕೆಯಾದರೆ ಸರಿ, ಇಲ್ಲದಿದ್ದರೆ ಮರುದಿನದಿಂದ ಚಾಚಾನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂರಬೇಕು, ಚೆಂಡು ಅಟ್ಟಕ್ಕೆ ಹೋಗಬೇಕು. ಅವರು ಮಗನ ಒಂದು ಮ್ಯಾಚನ್ನೂ ನೋಡಿದವರಲ್ಲ. ಕರೆದರೆ, ಆ ತಳ್ಳಾಟವನ್ನು ಹೆಬ್ಬಾಳದಲ್ಲಿ ದಿನಾ ಬಸ್ಸಿನೊಳಗೇ ನೋಡುತ್ತೇನೆ ಎನ್ನುತ್ತಿದ್ದರು. ಮಗ ನಗುತ್ತಿದ್ದ, ಆದರೆ ಅವನಿಗೆ ನೋವಾಗುತ್ತಿತ್ತು ಎಂದು ನನಗೆ ಗೊತ್ತಿತ್ತು.

ಆಯ್ಕೆ ನಡೆದದ್ದು ಯಲಹಂಕದಾಚೆಯ ಒಂದು ಮೈದಾನದಲ್ಲಿ. ಬೆಳಗಿನ ಓಟದಲ್ಲೇ ನನ್ನನ್ನು ಕೈಬಿಟ್ಟರು. ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಅಂಕಲ್‌ಗೆ ಫೋನ್ ಮಾಡಿ, ನಾನು ಔಟ್, ನಿಮ್ಮ ಮಗ ಇನ್ನೂ ಇದ್ದಾನೆ, ಇವತ್ತಾದರೂ ಬಂದು ನೋಡಿ ಎಂದೆ. ಸ್ವಲ್ಪ ಒರಟಾಗಿಯೇ ಅಂದಿರಬೇಕು. ಅವರು ಬೆಳಗಿನ ಪಾಳಿ ಮುಗಿಸಿ, ಖಾಕಿ ಬಿಚ್ಚದೆ ಬಂದು ಮೈದಾನದ ಸುತ್ತಲಿನ ಬಲೆಯ ಹೊರಗೆ ನನ್ನ ಪಕ್ಕ ನಿಂತರು. ಮಗ ಅವರನ್ನು ನೋಡಲಿಲ್ಲ.

ಅವನ ಮುಂದೆ ನಿಲ್ಲಿಸಿದ ಸಾಲಿನಲ್ಲಿ ನಮ್ಮ ಊರಿನವರು ಒಬ್ಬರೂ ಇರಲಿಲ್ಲ. ನನ್ನ ಜಾಗದಲ್ಲಿ ಪಂಜಾಬಿನ ಒಬ್ಬ ಗಟ್ಟಿಮುಟ್ಟಾದ ಹುಡುಗ. ಗಾಬರಿಗೆ ನಮ್ಮವನ ಬಾಯಿಂದ ಹಳೇ ಅಭ್ಯಾಸದ ‘ರೈಟ್... ರೈಟ್’ ಹೊರಬಿತ್ತು. ಇಡೀ ಸಾಲು ಬಲಕ್ಕೆ ಓಡಿತು. ಪಂಜಾಬಿನವನು ಚೆಂಡು ಕೊಡುವುದನ್ನು ಬಿಟ್ಟು ಅದನ್ನೇ ಎಡವಿ ಬಿದ್ದ. ಆಯ್ಕೆ ಮಾಡುವವರಲ್ಲಿ ಒಬ್ಬರು ನಕ್ಕರು, ಇನ್ನೊಬ್ಬರು ಕಾಗದದ ಮೇಲೆ ಏನೋ ಗೀಚಿ, ಇನ್ನೊಂದೇ ಅವಕಾಶ ಎಂದರು.

‘ಅವ್ರಿಗೇನ್ ಗೊತ್ತು ಮಗಾ, ನಮ್ ಬಸ್ ಇಂಗೆ ಒರಡೋದು ಅಂತ,’ ಎಂದು ಬಲೆಯಾಚೆಯಿಂದ ನನ್ನೂರು ಕೋಗಿಲಿನ ಕನ್ನಡದಲ್ಲಿ ಕೂಗಿದೆ. ‘ನೀನೇ ತಿಳಿಸ್ಬೇಕು.’

ಅವನು ನಮ್ಮತ್ತ ತಿರುಗದೆ ಆ ಅಪರಿಚಿತರನ್ನು ಸುತ್ತ ಸೇರಿಸಿಕೊಂಡ. ಪಿಸುಮಾತು ಬರುವ ಗಂಟಲಲ್ಲ ಅವನದು. ಹಿಂದಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು: ‘ನಮ್ಮಪ್ಪ ಕಂಡಕ್ಟರ್. ಅವರು ಎರಡನೇ ಸಲ ರೈಟ್ ಅಂದಮೇಲೆ ಗಾಡಿ ಯಾರಿಗೂ ನಿಲ್ಲಲ್ಲ. ನೀವೂ ನಿಲ್ಲಬೇಡಿ.’ ಪಂಜಾಬಿನವನು ನಕ್ಕು ಅವನ ಹೆಲ್ಮೆಟ್ ತಟ್ಟಿದ. ಅಂಕಲ್ ಖಾಕಿ ಅಂಗಿಯ ಕಾಲರ್ ಸರಿಮಾಡಿಕೊಂಡರು.

ಎರಡನೇ ರೈಟ್‌ಗೆ ಸಾಲು ಒಟ್ಟಿಗೆ ಎದ್ದಿತು. ನನ್ನದಲ್ಲದ ಕೈಗಳಿಂದ ಅವನಿಗೆ ಚೆಂಡು ಸಿಕ್ಕಿದ್ದು ಕಂಡು ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು, ಸುಳ್ಳೇಕೆ ಹೇಳಲಿ. ಎದುರಿನವರಲ್ಲಿ ಇಬ್ಬರು ಅವನ ಮೈಮೇಲೆ ಬರುವವರೆಗೂ ಅವನು ಕದಲಲಿಲ್ಲ. ಆಮೇಲೆ ಎಸೆದ. ಚೆಂಡು ಗಿರ್ರನೆ ತಿರುಗುತ್ತಾ ಎಲ್ಲರ ತಲೆ ಮೇಲಿಂದ ಹೋಯಿತು. ಆ ಕಡೆ ಯಾರೂ ಇಲ್ಲವಲ್ಲ ಎಂದು ನಾನು ಬೈದುಕೊಳ್ಳುವಷ್ಟರಲ್ಲಿ ಅವನ ಕಡೆಯ ಒಬ್ಬ ಓಡಿ ಬಂದು, ತನಗಾಗಿಯೇ ಇಟ್ಟಿದ್ದ ವಸ್ತುವನ್ನು ತೆಗೆದುಕೊಳ್ಳುವಂತೆ ಅದನ್ನು ಹಿಡಿದು ಗೆರೆ ದಾಟಿದ.

ಸಂಜೆ ಓದಿದ ಪಟ್ಟಿಯಲ್ಲಿ ಅವನ ಹೆಸರಿತ್ತು. ಈಗ ಲೀಗ್‌ನಲ್ಲಿ ಅವನಿಗೆ ಎರಡನೇ ವರ್ಷ, ಈ ಸಲ ಪ್ರತಿ ಮ್ಯಾಚಿನಲ್ಲೂ ಮೊದಲಿನಿಂದಲೇ ಆಡುವ ಕ್ವಾರ್ಟರ್‌ಬ್ಯಾಕ್ ಅವನೇ. ಕೋಗಿಲು ಕ್ರಾಸಿನ ಬೇಕರಿಯಲ್ಲಿ ಟೀ ಕುಡಿಯುವವರಿಗೆಲ್ಲ ನಾನು ಫೋನಿನಲ್ಲಿ ಅವನ ಮ್ಯಾಚ್ ತೋರಿಸಿ, ಇವನಿಗೆ ಚೆಂಡು ಕೊಡುತ್ತಿದ್ದವನು ನಾನು ಎಂದು ತಲೆ ತಿನ್ನುತ್ತೇನೆ. ಹೆಮ್ಮೆಪಡಲು ನನಗೇನೂ ಸಂಕೋಚವಿಲ್ಲ. ಆದರೆ ಅಂಕಲ್ ಆ ದಿನ ಕೇಳಿದ ಮಾತನ್ನು ಬೇಕರಿಯಲ್ಲಿ ಯಾರಿಗೂ ಹೇಳಿಲ್ಲ.

ಚೆಂಡು ಗೆರೆ ದಾಟಿದ ಮೇಲೂ ಅವರು ಬಲೆ ಹಿಡಿದೇ ನಿಂತಿದ್ದರು. ಕಣ್ಣು ತುಂಬಿತ್ತು. ಮೂರು ವರ್ಷ ಮಗನ ಜೊತೆ ಆಡಿದವನು ನಾನು ತಾನೇ, ನನ್ನ ಕಡೆ ತಿರುಗಿದರು.

‘ಯಾವಾಗ್ಲೂ ಹಿಂಗೇ ಎಸೀತಾನೇನಪ್ಪಾ ಇವ್ನು?’

ಹೌದು ಎನ್ನಲು ಬಾಯಿ ತೆರೆದೆ. ಚೆಂಡು ಅವನ ಕೈ ಸೇರುವಾಗ ನನ್ನ ತಲೆ ನೆಲದ ಕಡೆ ಇರುತ್ತಿತ್ತು. ಅದು ಹಾರುವಾಗ ನನ್ನ ಮೇಲೆ ಯಾರಾದರೂ ಬಿದ್ದಿರುತ್ತಿದ್ದರು.

‘ಗೊತ್ತಿಲ್ಲ ಅಂಕಲ್,’ ಎಂದೆ. ‘ನಾನೂ ಇವತ್ತೇ ನೋಡಿದ್ದು.’