ಕ್ಲಿಕ್ಕಿನ ವ್ರತ ಮತ್ತು ಶರ್ವಾಣಿಯ ರಂಗೋಲಿ

ನಾಗಪುರಕ್ಕೆ ಇನ್ನೂ ಬೆಳಕು ಹರಿದಿಲ್ಲ. ವಾರ್ಧಾ ರಸ್ತೆಯಿಂದ ಒಳಕ್ಕೆ ತಿರುಗುವ ಈ ಓಣಿಯಲ್ಲಿ ಹಾಲಿನವನ ಗಾಡಿ ಬಿಟ್ಟರೆ ಯಾರ ಸುಳಿವೂ ಇಲ್ಲ. ಗೇಟಿನ ಮುಂದೆ ನೀರು ಹಾಕಿ ಗುಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಶರ್ವಾಣಿ ಬಗ್ಗಿ ಚುಕ್ಕಿ ಇಡುತ್ತಿದ್ದಾರೆ. ಇವತ್ತಿನದು ಹದಿನೈದು ಚುಕ್ಕಿಯದು. ಸಾಲಿಗೊಂದು ಕಡಿಮೆ ಮಾಡುತ್ತ ಎಂಟಕ್ಕೆ ನಿಲ್ಲಿಸಬೇಕು. ಚುಕ್ಕಿ ಮುಗಿದ ಕೂಡಲೇ ಪಕ್ಕದ ಸ್ಟೂಲು ಹತ್ತಿ ಮೊಬೈಲಿನಲ್ಲಿ ಒಂದು ಫೋಟೊ. ಇಳಿದು ನಾಲ್ಕು ಗೆರೆ ಎಳೆದು ಮತ್ತೆ ಹತ್ತುತ್ತಾರೆ, ಮತ್ತೊಂದು ಫೋಟೊ. ಐವತ್ತು ದಾಟಿದ ಮೊಣಕಾಲು ಪ್ರತಿ ಸಲ ಹತ್ತುವಾಗಲೂ ತಕರಾರು ತೆಗೆಯುತ್ತದೆ. ಶರ್ವಾಣಿ ಅದರ ಮಾತು ಕೇಳುವುದಿಲ್ಲ.

"ಬರೇ ಮುಗದ ರಂಗೋಲಿ ತೋರಿಸಿದ್ರ ಏನು ಉಪಯೋಗ ಹೇಳ್ರಿ? ಎಲ್ಲಿಂದ ಶುರು ಮಾಡಬೇಕು ಅನ್ನೋದು ತಿಳೀಬೇಕಲ್ಲ. ನಮ್ಮವ್ವ ನನಗ ಹಂಗ ಕಲಿಸಿದ್ಲು, ಒಂದೊಂದ ಗೆರಿ ಎಳದು, ನಿಂತು ನೋಡಿ," ಎನ್ನುತ್ತಾರೆ ಸ್ಟೂಲಿನ ಮೇಲಿಂದಲೇ.

ಒಳಗೆ ಚಹಾ ಕುದಿಯುವಷ್ಟರಲ್ಲಿ ಫೋಟೊಗಳೆಲ್ಲ ಕಂಪ್ಯೂಟರಿಗೆ ಹೋಗಿರುತ್ತವೆ. 'ಚುಕ್ಕಿಯಂಗಳ' ಎಂಬ ಕನ್ನಡ ಜಾಲತಾಣದಲ್ಲಿ ದಿನದ ರಂಗೋಲಿ ಏರುವುದು ಹೀಗೆ. ಇದನ್ನು ನಡೆಸಲು ಕಚೇರಿ ಇಲ್ಲ, ಸಿಬ್ಬಂದಿ ಇಲ್ಲ. ಅಡಿಗೆಮನೆಯ ಬಾಗಿಲಿಗೆ ಒತ್ತಿಕೊಂಡಿರುವ ಒಂದು ಮೇಜು, ಹಳೆಯ ಕಂಪ್ಯೂಟರು, ಮತ್ತು ಶರ್ವಾಣಿ. ಸಾಮಾನ್ಯ ದಿನಗಳಲ್ಲಿ ಸಾವಿರದ ಆಸುಪಾಸು ಜನ ಬಂದು ಹೋಗುತ್ತಾರೆ. ಸಂಕ್ರಾಂತಿ, ದೀಪಾವಳಿ ಹತ್ತಿರವಾದರೆ ಎಣಿಕೆ ಹತ್ತು ಪಟ್ಟು ಏರುತ್ತದೆ. ಆಗ ಇಡೀ ಮನೆ ಅವಲಕ್ಕಿ ತಿಂದು ದಿನ ನೂಕುತ್ತದೆ ಎಂದು ಪತಿ ವಿಜಯೇಂದ್ರ ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ಬಾಗಲಕೋಟೆಯ ಹುಡುಗಿ ಮದುವೆಯಾಗಿ ನಾಗಪುರಕ್ಕೆ ಬಂದದ್ದು ಗಂಡನಿಗೆ ಬುಟಿಬೋರಿಯ ಕಾರ್ಖಾನೆಯಲ್ಲಿ ಕೆಲಸವಿತ್ತು ಎಂಬ ಕಾರಣಕ್ಕೆ. ಗಂಡ ಪಾಳಿಗೆ ಹೋದರೆ ಮನೆಯಲ್ಲಿ ಮಾತನಾಡಲು ಗೋಡೆಗಳು. ಮರಾಠಿ ಬರುತ್ತಿರಲಿಲ್ಲ, ಹಿಂದಿ ಅರ್ಧಂಬರ್ಧ. ಊರಿನಿಂದ ಅವ್ವ ಕಾಗದದಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದ ರಂಗೋಲಿಗಳನ್ನು ಬಾಗಿಲಿಗೆ ಹಾಕಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಅವ್ವ ತೀರಿಕೊಂಡ ವರ್ಷ, ಕೈಯಲ್ಲಿರುವ ರಂಗೋಲಿಗಳೂ ಎಲ್ಲಿ ಕಳೆದುಹೋಗುತ್ತವೋ ಎಂಬ ಭಯ ಹತ್ತಿತು. ಸೀತಾಬರ್ಡಿಯ ಒಂದು ಸೈಬರ್ ಕೆಫೆಗೆ ಹೋಗಿ, ಅಲ್ಲಿ ಕೂತಿದ್ದ ಹುಡುಗರು ನಗುತ್ತಿದ್ದರೂ ಲೆಕ್ಕಿಸದೆ, ಮೊದಲ ಪುಟ ತೆರೆದರು.

ಆ ದಿನಗಳ ಮಾತು ಬಂದರೆ ಶರ್ವಾಣಿಯ ಮುಖವೇ ಬದಲಾಗುತ್ತದೆ. ಆಗಿನ ನಿಧಾನದ ಇಂಟರ್ನೆಟ್ಟಿನಲ್ಲಿ ಚಿತ್ರ ಒಮ್ಮೆಲೇ ಕಾಣುತ್ತಿರಲಿಲ್ಲವಂತೆ. ಮೇಲಿನ ಸಾಲು ಮೊದಲು, ಅದರ ಕೆಳಗಿನದು ಆಮೇಲೆ, ಹೀಗೆ ನಿಧಾನವಾಗಿ ಇಳಿಯುತ್ತಿತ್ತು. "ಖರೇ ಹೇಳಬೇಕಂದ್ರ ರಂಗೋಲಿ ಹಾಕೋದು ಹಂಗ ಅಲ್ಲೇನ್ರಿ? ಕಾಯ್ಕೋತ ಕೂಡೋದ್ರಾಗ ಒಂದು ಸುಖ ಇತ್ತು. ಈಗ ಎಲ್ಲಾ ಜಲ್ದಿ ಜಲ್ದಿ. ಬರ್ತಾರ, ನೋಡ್ತಾರ, ಹೋಗ್ತಾರ."

ಆಗ ಬಂದವರು ಹೋಗುತ್ತಿರಲಿಲ್ಲ, ಕೂರುತ್ತಿದ್ದರು. ಒಂದು ರಂಗೋಲಿಯ ಕೆಳಗೆ ಹತ್ತು ಊರಿನ ಹೆಂಗಸರ ಹರಟೆ. ನಮ್ಮ ಕಡೆ ಇದಕ್ಕೆ ತೊಟ್ಟಿಲು ಅಂತೀವಿ, ಅಲ್ಲ ನಮ್ಮಲ್ಲಿ ಇದು ಆಮೆ, ಎಂದು ವಾದ. ಕಾಮ್ಠಿಯ ಸೇನಾ ವಸತಿಯಿಂದ ದೇಚಮ್ಮ ಎಂಬ ಕೊಡಗಿನ ಹೆಣ್ಣುಮಗಳು ಬರೆಯುತ್ತಿದ್ದರು. ಗಂಡ ಉತ್ತಪ್ಪನವರಿಗೆ ವರ್ಗವಾದಲ್ಲೆಲ್ಲ ಪಕ್ಕದ ಮನೆಯವರಿಂದ ಒಂದು ರಂಗೋಲಿ ಕಲಿತು ಶರ್ವಾಣಿಗೆ ಕಳಿಸುವುದು ಆಕೆಯ ಪದ್ಧತಿ. ದೇಚಮ್ಮ ಈಗಿಲ್ಲ. ನಿವೃತ್ತರಾಗಿರುವ ಉತ್ತಪ್ಪ ಪ್ರತಿ ವರ್ಷ ಆಕೆ ಹೋದ ದಿನ ಆಕೆಯ ಪುಟಕ್ಕೆ ಬಂದು, "ನೋಡಿದೆ" ಎಂದು ಒಂದೇ ಪದ ಬರೆದು ಹೋಗುತ್ತಾರೆ. ಹೀಗೆ ತೀರಿಹೋದವರ ರಂಗೋಲಿಗಳು ತಾಣದ ತುಂಬ ಇವೆ. ಕೆಲವರ ಮನೆಯಲ್ಲಿ ಅವರ ಕೈಗುರುತು ಎಂದು ಉಳಿದಿರುವುದು ಇದೊಂದೇ.

ಇಷ್ಟನ್ನು ಉಳಿಸಿಕೊಳ್ಳಲು ವರ್ಷಕ್ಕೊಮ್ಮೆ ಸರ್ವರಿನ ಬಾಡಿಗೆ ಕಟ್ಟಬೇಕು. ಮೊದಲೆಲ್ಲ ಅದು ಮನೆಖರ್ಚಿನಲ್ಲಿ ಉಳಿಸಿದ ದುಡ್ಡಿನಿಂದ ಹೋಗುತ್ತಿತ್ತು. ಕನ್ನಡದ ಪುಟಗಳಿಗೂ ಜಾಹೀರಾತು ಕೊಡುತ್ತೇವೆ ಎಂದು ಜಾಹೀರಾತು ಕಂಪನಿಯೊಂದು ಒಪ್ಪಿಕೊಂಡ ದಿನ ಶರ್ವಾಣಿ ಓಣಿಗೆಲ್ಲ ಪೇಡೆ ಹಂಚಿದ್ದರು. ಲೆಕ್ಕ ಸರಳ. ರಂಗೋಲಿಯ ಪಕ್ಕದಲ್ಲಿ ಕುಕ್ಕರಿನದೋ ಸೀರೆಯದೋ ಜಾಹೀರಾತು ಬರುತ್ತದೆ. ಬೇಕೆನಿಸಿದವರು ಅದನ್ನು ಒತ್ತಿ ನೋಡಿದರೆ ತಾಣಕ್ಕೆ ನಾಲ್ಕು ಕಾಸು. ಶ್ರೀಮಂತರಾಗುವಷ್ಟಲ್ಲ, ಬಾಡಿಗೆ ಕಳೆದು ಇತವಾರಿ ಪೇಟೆಯಿಂದ ರಂಗೋಲಿ ಪುಡಿಯ ಮೂಟೆ ತರುವಷ್ಟು.

ಕಾಪಾಡುವ ಕೆಲಸ ಮಾತ್ರ ಕಡಿಮೆಯಿಲ್ಲ. ಚಿತ್ರ ಕದ್ದು ತಮ್ಮ ಹೆಸರು ಹಾಕಿಕೊಳ್ಳುವವರು ಊರಿಗೊಬ್ಬರು. ಅವರು ಎಗರಿಸುವುದು ಕೊನೆಯ ಚಿತ್ರವನ್ನಷ್ಟೆ. ಸ್ಟೂಲು ಹತ್ತಿ ಇಳಿದು ತೆಗೆದ ನಡುವಿನ ಫೋಟೊಗಳ ಮೂಲಪ್ರತಿಗಳು ಶರ್ವಾಣಿಯ ಬಳಿ ಮಾತ್ರ ಇರುತ್ತವೆ. ದೂರು ಕೊಡುವಾಗ ಅವನ್ನೇ ಸಾಕ್ಷಿಯಾಗಿ ಇಡುತ್ತಾರೆ, ಕಳ್ಳರ ಪುಟ ಕೆಳಗಿಳಿಯುತ್ತದೆ. ಇತ್ತೀಚೆಗೆ ಇನ್ನೊಂದು ತಲೆನೋವು. ಇಂಟರ್ನೆಟ್ಟಿನಲ್ಲಿ ಹುಡುಕಿದ ಜಾಗದಲ್ಲೇ ಉತ್ತರ, ಚಿತ್ರ ಎಲ್ಲ ಸಿಕ್ಕಿಬಿಡುವುದರಿಂದ ತಾಣದ ತನಕ ಬರುವವರೇ ಕಡಿಮೆಯಾಗುತ್ತಿದ್ದಾರೆ. ಜಾಹೀರಾತಿನ ಆದಾಯ ವರ್ಷ ವರ್ಷ ಸೊರಗುತ್ತಿದೆ.

ಹಾಗಿರುವಾಗ ಹೋದ ಚಾತುರ್ಮಾಸದಲ್ಲಿ ಆದಾಯ ಒಮ್ಮೆಲೇ ಏರತೊಡಗಿತು.

ಚಾತುರ್ಮಾಸವೆಂದರೆ ಈ ಕಡೆಯ ಹೆಂಗಸರಿಗೆ ವ್ರತಗಳ ಕಾಲ. ಕೆಲವರು ಲಕ್ಷ ಬತ್ತಿ ಹೊಸೆಯುತ್ತಾರೆ, ಕೆಲವರು ದೇವರ ಮುಂದೆ ದಿನಕ್ಕೆ ಮೂವತ್ಮೂರು ಗೋಪದ್ಮ, ಅಂದರೆ ಹಸುವಿನ ಹೆಜ್ಜೆಯ ಪುಟ್ಟ ರಂಗೋಲಿ ಹಾಕುತ್ತಾರೆ. ಅದನ್ನು ಹುಡುಕಿಕೊಂಡು ತಾಣಕ್ಕೆ ಒಂದಿಷ್ಟು ಜನ ಬರುವುದು ಪ್ರತಿ ವರ್ಷದ ಮಾತು. ಈ ಸಲದ ಏರಿಕೆ ಅದಕ್ಕೂ ಮೀರಿತ್ತು. ಶರ್ವಾಣಿಗೆ ಹಿಗ್ಗೋ ಹಿಗ್ಗು. "ಹಳೇ ದಿನ ತಿರುಗಿ ಬಂದ್ವು ಅಂತ ಇವರ ಮುಂದ ಕುಣದಾಡಿದೆ. ಮಂದಿಗೆ ಮತ್ತ ರಂಗೋಲಿ ಬೇಕಾಗೇದ ಅಂದೆ. ಎಂಥಾ ಹುಚ್ಚಿ ನೋಡ್ರಿ ನಾನು!"

ಒಂದು ಬೆಳಗ್ಗೆ ಕಂಪನಿಯ ಮೇಲ್ ಬಂತು. ನಿಮ್ಮ ತಾಣದ ಜಾಹೀರಾತುಗಳನ್ನು ಬೇಕೆಂದೇ ಒತ್ತಿಸಲಾಗುತ್ತಿದೆ, ಆದ್ದರಿಂದ ಖಾತೆ ಮುಚ್ಚಿದ್ದೇವೆ, ಹೇಳಿಕೊಳ್ಳುವುದಿದ್ದರೆ ಒಂದೇ ಒಂದು ಸಲ ಮನವಿ ಸಲ್ಲಿಸಬಹುದು ಎಂದಿತ್ತು. ಸರ್ವರಿನ ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಿತ್ತು. ವಿಜಯೇಂದ್ರರ ಕಾರ್ಖಾನೆಯಲ್ಲಿ ಆಗ ಅರ್ಧ ಪಾಳಿ, ಅರ್ಧ ಸಂಬಳ. ಕಟ್ಟದಿದ್ದರೆ ತಾಣವೇ ಅಳಿಸಿಹೋಗುತ್ತದೆ.

ಸಂಶಯ ಹೋದದ್ದು ಚಿತ್ರಗಳ್ಳರ ಮೇಲೆ. ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಂಡಿದ್ದಾರೆ ಎಂದು ಎರಡು ದಿನ ಅವರಿಗೆ ಮನಸಾರೆ ಶಾಪ ಹಾಕಿದರು. "ಹೋಗಲಿ ಬಿಡು, ರಂಗೋಲಿ ಅಂದಮ್ಯಾಲ ಅಳಿಸಿ ಹೋಗೋದ," ಎಂದು ಗಂಡ ಸಮಾಧಾನ ಹೇಳಲು ಹೋಗಿ ಸಿಕ್ಕಿಬಿದ್ದರು. "ನಂದು ಅಳಿಸಿ ಹೋಗಲಿ, ಅಡ್ಡಿಯಿಲ್ಲ. ದೇಚಮ್ಮಂದು ಅಳಸಾಕ ನಾ ಯಾರು?" ಎಂದು ಶರ್ವಾಣಿ ಅತ್ತೇಬಿಟ್ಟರು.

ಮನಸ್ಸು ಹಗುರಾಗಲೆಂದು ಆ ಮಧ್ಯಾಹ್ನ ಕುಮುದಾ ಅವರ ಮನೆಗೆ ಭಜನೆಗೆ ಹೋದರು. ಕುಮುದಾ ಎಂಬತ್ತು ದಾಟಿದ ಹಿರಿಯರು, ತೀರಿಹೋದ ಗಂಡ ರೈಲ್ವೆಯಲ್ಲಿದ್ದವರು. ಸುತ್ತಲಿನ ಕನ್ನಡದ ಹೆಂಗಸರ ಭಜನಾ ಮಂಡಳಿಗೆ ಅವರದೇ ಯಜಮಾನಿಕೆ. ಎಲ್ಲರೂ ಅವರನ್ನು ಮಾಮಿ ಎನ್ನುತ್ತಾರೆ. ಶರ್ವಾಣಿಯ ಬಾಡಿದ ಮುಖ ನೋಡಿ ಮಾಮಿ ಹತ್ತಿರ ಕೂಡಿಸಿಕೊಂಡರು. ತಾಣದ ಗಳಿಕೆ ನಿಂತಿದೆ ಎಂಬಷ್ಟನ್ನು ಕೇಳಿದ್ದೇ ತಡ, ಬೆನ್ನು ಸವರಿ ಹೇಳಿದರು: "ಅಯ್ಯ, ಅಷ್ಟಕ್ಕ ಅಳ್ತಾರೇನ? ಇನ್ನ ಗುಟ್ಟು ಯಾಕ. ನಾವೆಲ್ಲಾ ದಿನಾ ಮೂವತ್ಮೂರು ಸಲ ನಿನ್ನ ಜಾಹೀರಾತು ಒತ್ತೀವಿ. ಎರಡು ದಿನದಿಂದ ಅವು ಕಾಣವಲ್ವು. ತಿರುಗಿ ಬಂದ ಕೂಡಲೆ ಅರವತ್ತಾರು ಒತ್ತೀವಿ, ಚಿಂತಿ ಬಿಡು."

ನಡೆದದ್ದು ಇಷ್ಟು. ತಾಣ ಹೇಗೆ ನಡೆಯುತ್ತದೆ ಎಂದು ಯಾರೋ ಕೇಳಿದಾಗ, ಜನ ಜಾಹೀರಾತು ಒತ್ತಿದರೆ ದುಡ್ಡು ಬರುತ್ತದೆ ಎಂದು ಶರ್ವಾಣಿಯೇ ಹಿಂದೊಮ್ಮೆ ಹೇಳಿದ್ದರು. ಕುಮುದಾ ಮಾಮಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಚಾತುರ್ಮಾಸ ಶುರುವಾದ ದಿನ ಮಂಡಳಿಯ ಎಲ್ಲರಿಂದ ಸಂಕಲ್ಪ ಮಾಡಿಸಿದ್ದಾರೆ. ದಿನಕ್ಕೆ ಮೂವತ್ಮೂರು ಗೋಪದ್ಮ, ಮೂವತ್ಮೂರು ಒತ್ತು. ಹೇಳಿಕೊಂಡು ಮಾಡಿದ ದಾನಕ್ಕೆ ಪುಣ್ಯ ಕಡಿಮೆ, ಆದ್ದರಿಂದ ಶರ್ವಾಣಿಗೆ ಗೊತ್ತಾಗಬಾರದು. ಭಜನೆ ಮುಗಿದು ಮಂಗಳಾರತಿ ಆದ ಮೇಲೆ ಎಲ್ಲರೂ ಮಾಮಿಯ ಮನೆಯ ವೈಫೈಗೇ ಮೊಬೈಲು ಜೋಡಿಸಿ, ಬಾಯಲ್ಲಿ ಎಣಿಸುತ್ತ ಒತ್ತುತ್ತಿದ್ದರು. ಒಂದೇ ಮನೆಯಿಂದ ದಿನಾ ಒಂದೇ ಹೊತ್ತಿಗೆ ನೂರಾರು ಒತ್ತು ಬಂದರೆ ಯಾವ ಕಂಪನಿಯೂ ಅದನ್ನು ಭಕ್ತಿ ಎಂದುಕೊಳ್ಳುವುದಿಲ್ಲ, ಮೋಸ ಎನ್ನುತ್ತದೆ.

ಶರ್ವಾಣಿಗೆ ಸಿಟ್ಟು ಬಂತು, ನಗು ಬಂತು. ತನಗಾಗಿ ಇಷ್ಟು ಜನ ಕೂತು ಎಣಿಸಿದ್ದಾರೆ. ಸಾವರಿಸಿಕೊಂಡು, ಹೀಗೆ ಒತ್ತಿದ್ದರಿಂದಲೇ ಖಾತೆ ಮುಚ್ಚಿದೆ, ದಯವಿಟ್ಟು ನಿಲ್ಲಿಸಿ ಎಂದು ಬಿಡಿಸಿ ಹೇಳಿದರು. ಕುಮುದಾ ಮಾಮಿ ತಲೆ ತಗ್ಗಿಸಿದರು. ಆದರೆ ಅವರು ಎತ್ತಿದ್ದು ಬೇರೆಯದೇ ತೊಡಕು: "ಸಂಕಲ್ಪ ಮಾಡೇವಲ್ಲ ಶರ್ವಾಣಿ. ನಡುವ ಹೆಂಗ ಬಿಡಬೇಕು? ದೇವರಿಗೆ ಏನಂತ ಹೇಳೋದು?"

ನಿಯಮ ಗೊತ್ತಿಲ್ಲದ ಅಜ್ಜಿ ಎಂದು ಯಾರಾದರೂ ಕೈಚೆಲ್ಲಬಹುದಿತ್ತು. ಶರ್ವಾಣಿ ಹಾಗೆ ಮಾಡಲಿಲ್ಲ. ಅವರೂ ವ್ರತ ಹಿಡಿದ ಮನೆಯಿಂದಲೇ ಬಂದವರು. ಅರ್ಧಕ್ಕೆ ಬಿಟ್ಟ ವ್ರತ ಮನಸ್ಸನ್ನು ಹೇಗೆ ಕೊರೆಯುತ್ತದೆಂದು ಬಲ್ಲರು. ಅಲ್ಲೇ ಕೂತು ದಾರಿ ಹುಡುಕಿದರು. ಬತ್ತಿಗೆ ಹತ್ತಿ ಸಿಗದಿದ್ದರೆ ಹೂ ಏರಿಸಿ ವ್ರತ ಮುಗಿಸುವುದುಂಟಲ್ಲ, ಹಾಗೆಯೇ ಒತ್ತುವುದರ ಬದಲು ಪ್ರತಿಯೊಬ್ಬರೂ ಚಾತುರ್ಮಾಸ ಮುಗಿಯುವ ತನಕ ತಮ್ಮ ತಾಯಿಯದೋ ಅತ್ತೆಯದೋ ರಂಗೋಲಿಗಳನ್ನು ನೆನಪು ಮಾಡಿಕೊಂಡು ಹಾಕಬೇಕು. ಮಾಮಿ, "ಬರೋಬರ್ ಅದ. ದೇವರು ಇದಕ್ಕ ಒಪ್ತಾನ," ಎಂದು ತೀರ್ಪು ಕೊಟ್ಟರು.

ದೇವರು ಒಪ್ಪಿದ. ಇನ್ನು ಉಳಿದದ್ದು ಕಂಪನಿ. ಮನವಿಯಲ್ಲಿ ಯಾರೋ ಶತ್ರುಗಳು ಮಾಡಿದ್ದಾರೆಂದು ಬರೆದರೆ ಕೆಲಸ ಸುಲಭ ಎಂದು ತಿಳಿದವರೊಬ್ಬರು ಸಲಹೆ ಕೊಟ್ಟರು. ಶರ್ವಾಣಿ ನಿಜವನ್ನೇ ಬರೆದರು. ಗೋಪದ್ಮ ಎಂದರೇನು, ಸಂಕಲ್ಪ ಎಂದರೇನು, ಗುಟ್ಟಾಗಿ ಕೊಡುವುದೇಕೆ, ಎಲ್ಲ. ಒತ್ತಿರೆಂದು ತಾನು ಯಾರಿಗೂ ಹೇಳಿಲ್ಲ, ಆದರೆ ಒತ್ತಬಾರದೆಂದೂ ಹೇಳಿರಲಿಲ್ಲ, ಅಷ್ಟರಮಟ್ಟಿಗೆ ತಪ್ಪು ತನ್ನದು ಎಂದೂ ಸೇರಿಸಿದರು. "ಆ ಮಶೀನಿಗೆ ಚಾತುರ್ಮಾಸ ಏನು ತಿಳೀತದ್ರಿ? ಆದ್ರೂ ಸುಳ್ಳು ಬರದು ಉಳಿಸ್ಕೊಂಡ್ರ, ಆ ಹೆಣ್ಣುಮಕ್ಕಳ ರಂಗೋಲಿ ನಾ ಯಾವ ಮುಖದಿಂದ ನೋಡಬೇಕು?"

ಉತ್ತರಕ್ಕಾಗಿ ಕಾದ ದಿನಗಳಲ್ಲಿ ಮಂಡಳಿಯ ಹೆಂಗಸರ ಅಂಗಳಗಳಲ್ಲಿ ಯಾರೂ ನೋಡಿರದ ರಂಗೋಲಿಗಳು ಏಳತೊಡಗಿದವು. ಮರೆತ ಗೆರೆಗಾಗಿ ಊರಿಗೆ ಫೋನು ಮಾಡಿದವರಿದ್ದಾರೆ, ಅಕ್ಕತಂಗಿಯರ ಜೊತೆ ಜಗಳಾಡಿದವರಿದ್ದಾರೆ. ಹಾಕುತ್ತ ಹಾಕುತ್ತ ತಾಯಿಯ ನೆನಪಾಗಿ ಅತ್ತವರೂ ಇದ್ದಾರೆ. ಶರ್ವಾಣಿ ಪ್ರತಿ ಮನೆಗೂ ಹೋಗಿ ಫೋಟೊ ತೆಗೆದು ತಾಣಕ್ಕೆ ಏರಿಸಿದರು. ಕೆಳಗಿನ ಹರಟೆ ಮತ್ತೆ ಶುರುವಾಯಿತು, ಹಳೆಯ ದಿನಗಳ ಹಾಗೆಯೇ, ತೊಟ್ಟಿಲೋ ಆಮೆಯೋ ಎಂದು. ಆ ದಿನಗಳಲ್ಲಿ ತಾಣದಲ್ಲಿ ಒಂದೂ ಜಾಹೀರಾತು ಇರಲಿಲ್ಲ. ಹಿಂದೆಂದೂ ಅದು ಅಷ್ಟು ಚೆಂದ ಕಂಡಿರಲಿಲ್ಲ ಎಂದು ಶರ್ವಾಣಿ ಈಗ ನಗುತ್ತ ಒಪ್ಪಿಕೊಳ್ಳುತ್ತಾರೆ.

ಬಾಡಿಗೆಯ ಗಡುವಿಗೆ ಸ್ವಲ್ಪ ಮುಂಚೆ ಖಾತೆ ಮತ್ತೆ ತೆರೆಯಿತು. ವ್ರತದ ಒತ್ತುಗಳಿಂದ ಬಂದದ್ದನ್ನು ಕಂಪನಿ ಜಾಹೀರಾತುದಾರರಿಗೆ ಹಿಂತಿರುಗಿಸಿತು. ಅದು ನ್ಯಾಯವೇ ಎನ್ನುತ್ತಾರೆ ಶರ್ವಾಣಿ. ಇನ್ನೊಮ್ಮೆ ಹೀಗಾದರೆ ಕ್ಷಮೆಯಿಲ್ಲ ಎಂಬ ಎಚ್ಚರಿಕೆಯೂ ಜೊತೆಗೆ ಬಂತು. ಅಂದಿನಿಂದ ಕುಮುದಾ ಮಾಮಿಯ ಮನೆಯಲ್ಲಿ ಭಜನೆಗೆ ಕೂರುವ ಮೊದಲು ಎಲ್ಲರೂ ಮೊಬೈಲನ್ನು ದೇವರಮನೆಯ ಹೊಸಿಲ ಆಚೆ ಇಡಬೇಕು. ಕಾವಲಿಗೆ ಸ್ವತಃ ಮಾಮಿ. ಮೊನ್ನೆ ಜಾಹೀರಾತಿನಲ್ಲಿ ಬಂದ ಕುಕ್ಕರು ಅವರಿಗೆ ನಿಜಕ್ಕೂ ಇಷ್ಟವಾಯಿತಂತೆ. ಒತ್ತಿದರೆ ಎಲ್ಲಿ ಎಡವಟ್ಟಾಗುತ್ತದೋ ಎಂದು ಹೆದರಿ, ಆಟೊ ಹಿಡಿದು ಇತವಾರಿಗೆ ಹೋಗಿ ಕೊಂಡು ತಂದರು.

ಮಾಮಿಯ ರಂಗೋಲಿಯೊಂದು ಬಾಕಿ ಉಳಿದಿತ್ತು. ಮದುವೆಗೆ ಮುಂಚೆ ತಾಯಿ ಕಲಿಸಿದ್ದು, ಮೂಲೆಯ ಒಂದು ಸುತ್ತು ನೆನಪಿಗೆ ಬರದೆ ಅವರನ್ನು ತಿಂಗಳುಗಟ್ಟಲೆ ಸತಾಯಿಸಿತ್ತು. ಈ ವಾರ ಅದು ಹೊಳೆದಿದೆ. ಪೂರ್ತಿ ತಾವೇ ಹಾಕಿದ್ದಾರೆ. ಶರ್ವಾಣಿ ಅಲ್ಲೇ ಕೂತು ಅದನ್ನು ತಾಣಕ್ಕೆ ಏರಿಸಿ, ಕೆಳಗೆ ಮಾಮಿಯ ಹೆಸರು, ಅವರ ತಾಯಿಯ ಹೆಸರು ಬರೆದು ಮೊಬೈಲನ್ನು ಅವರ ಮುಂದೆ ಹಿಡಿಯುತ್ತಾರೆ. ಮಾಮಿ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡುತ್ತಾರೆ. ಬೆರಳು ತಾಯಿಯ ಹೆಸರಿನ ಕಡೆಗೆ ಹೋಗಿ, ಮುಟ್ಟದೆ ಹಿಂದಕ್ಕೆ ಬರುತ್ತದೆ.

"ನಾ ಹೋದ ಮ್ಯಾಲೂ ಇದು ಹಿಂಗ ಇರ್ತದೇನ ಶರ್ವಾಣಿ?"

"ಇರ್ತದ್ರಿ ಮಾಮಿ. ನಾ ನೋಡ್ಕೋತೀನಿ. ನೀವು ಮಾತ್ರ ಏನೂ ಒತ್ತಬ್ಯಾಡ್ರಿ."